ಮಕ್ಕಳ ಸಂಖ್ಯೆಯ ಇಳಿಕೆ ಮತ್ತು ಕನ್ನಡ ತರಗತಿಯ ಹಕ್ಕು: ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಪೋಷಕರಿಗೆ ಮಾಹಿತಿ

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗುವಾಗ ಗಡಿಭಾಗದ ಕನ್ನಡ ಪೋಷಕರು ಕೇಳುವ ಪ್ರಶ್ನೆ ಒಂದೇ: ಈ ವರ್ಷ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದ್ದಾರೆ? ಸಂಖ್ಯೆ ಕಡಿಮೆಯಾದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಮಾಧ್ಯಮವೇ ಹೋಗುತ್ತದೆ ಎಂಬ ಭಯ ಆ ಪ್ರಶ್ನೆಯ ಹಿಂದಿದೆ. ಮಕ್ಕಳು ಕಡಿಮೆಯಾಗಲು ಪೋಷಕರ ಆಂಗ್ಲ ಮಾಧ್ಯಮದ ವ್ಯಾಮೋಹವೇ ಕಾರಣವೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ನಿಜವೇ ಆದರೂ ಅರ್ಧ ಸತ್ಯ. ಇನ್ನರ್ಧ ಜನಸಂಖ್ಯೆಯ ಲೆಕ್ಕದಲ್ಲಿದೆ. ದೇಶದಲ್ಲಿ, ತಮಿಳುನಾಡಿನಲ್ಲಿ, ವಿಶೇಷವಾಗಿ ಕೊಂಗುನಾಡಿನಲ್ಲಿ ಮಕ್ಕಳ ಪ್ರಮಾಣ ಹೇಗೆ ಬದಲಾಗಿದೆ, ಆ ಬದಲಾವಣೆ ಭಾಷಾ ಅಲ್ಪಸಂಖ್ಯಾತರ ಶಿಕ್ಷಣದ ಹಕ್ಕನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ದೇಶದ ಮಕ್ಕಳ ಲೆಕ್ಕ

ನಮ್ಮ ಜನಗಣತಿಯು 0ಯಿಂದ 6 ವರ್ಷದವರೆಗಿನ ಮಕ್ಕಳನ್ನು ಪ್ರತ್ಯೇಕವಾಗಿ ಎಣಿಸಿ ಪ್ರಕಟಿಸುತ್ತದೆ. ಇನ್ನೆರಡು ಮೂರು ವರ್ಷಗಳಲ್ಲಿ ಶಾಲೆಗೆ ಬರುವವರು ಎಷ್ಟು ಮಂದಿ ಎಂಬುದು ಈ ಸಂಖ್ಯೆಯಿಂದ ತಿಳಿಯುತ್ತದೆ. 2001ರಲ್ಲಿ ಈ ವಯಸ್ಸಿನ ಮಕ್ಕಳು ದೇಶದಲ್ಲಿ ಸುಮಾರು 16.38 ಕೋಟಿ ಇದ್ದರು; 2011ರಲ್ಲಿ ಸುಮಾರು 16.45 ಕೋಟಿ. ಹತ್ತು ವರ್ಷಗಳಲ್ಲಿ ದೇಶದ ಒಟ್ಟು ಜನಸಂಖ್ಯೆ 18 ಕೋಟಿಗೂ ಹೆಚ್ಚು ಬೆಳೆಯಿತು, ಆದರೆ ಚಿಕ್ಕ ಮಕ್ಕಳ ಸಂಖ್ಯೆ ಬಹುತೇಕ ನಿಂತಲ್ಲೇ ನಿಂತಿತು. ಆದುದರಿಂದ ನೂರು ಜನರಲ್ಲಿ ಈ ಮಕ್ಕಳ ಪಾಲು 15.9ರಿಂದ 13.6ಕ್ಕೆ ಇಳಿಯಿತು.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿ ತಿಳಿಯಬೇಕು. ಮಕ್ಕಳ ಸಂಖ್ಯೆ ಒಂದು, ಮಕ್ಕಳ ಪಾಲು ಇನ್ನೊಂದು. ಪಾಲು ಮೊದಲು ಇಳಿಯುತ್ತದೆ, ಸಂಖ್ಯೆ ಅನಂತರ ಇಳಿಯುತ್ತದೆ. ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ತಲೆಮಾರು ಈಗ ತಾಯ್ತಂದೆಯರ ವಯಸ್ಸಿಗೆ ಬಂದಿರುವುದರಿಂದ, ಪ್ರತಿ ಕುಟುಂಬದಲ್ಲಿ ಮಕ್ಕಳು ಕಡಿಮೆಯಾದರೂ ಕುಟುಂಬಗಳೇ ಹೆಚ್ಚಾಗಿ ಒಟ್ಟು ಜನನಗಳು ಕೆಲವು ಕಾಲ ಸ್ಥಿರವಾಗಿರುತ್ತವೆ. ಆ ದೊಡ್ಡ ತಲೆಮಾರು ದಾಟಿದ ಮೇಲೆ ಸಂಖ್ಯೆಯೂ ಕುಸಿಯುತ್ತದೆ.

ಹಿನ್ನೋಟಕ್ಕೆ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. 1971ರಲ್ಲಿ ದೇಶದ ಜನರಲ್ಲಿ ನೂರಕ್ಕೆ ಸುಮಾರು 42 ಮಂದಿ 15 ವರ್ಷದೊಳಗಿನವರಾಗಿದ್ದರು. 2001ರ ಹೊತ್ತಿಗೆ ಅದು ಸುಮಾರು 35 ಆಯಿತು, 2011ರಲ್ಲಿ ಸುಮಾರು 31. ಒಬ್ಬ ಮಹಿಳೆ ಜೀವಿತಾವಧಿಯಲ್ಲಿ ಹೆರುವ ಮಕ್ಕಳ ಸರಾಸರಿಯನ್ನು ಒಟ್ಟು ಫಲವಂತಿಕೆ ದರ ಎನ್ನುತ್ತಾರೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಅದು ಸುಮಾರು 6 ಇತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ 3.4, 2005-06ರಲ್ಲಿ 2.7, 2019-21ರಲ್ಲಿ 2.0. ಒಂದು ತಲೆಮಾರು ತನ್ನಷ್ಟೇ ದೊಡ್ಡ ಮುಂದಿನ ತಲೆಮಾರನ್ನು ಬಿಟ್ಟುಹೋಗಲು ಈ ದರ 2.1ರಷ್ಟಿರಬೇಕು. ದೇಶ ಈಗ ಆ ಮಟ್ಟದ ಕೆಳಗೆ ಬಂದಿದೆ.

ಇಳಿಕೆಯ ಕಾರಣಗಳು

ಜನನ ಇಳಿಯುವ ಮೊದಲು ಮರಣ ಇಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 1971ರಲ್ಲಿ ಈ ಸಂಖ್ಯೆ 129 ಇತ್ತು. ಮಾದರಿ ನೋಂದಣಿ ವ್ಯವಸ್ಥೆಯ 2020ರ ವರದಿಯಂತೆ ದೇಶದಲ್ಲಿ 28, ತಮಿಳುನಾಡಿನಲ್ಲಿ 13. ಹೆತ್ತ ಮಕ್ಕಳು ಉಳಿಯುತ್ತಾರೆ ಎಂಬ ಭರವಸೆ ಬಂದಾಗ ತಾಯ್ತಂದೆಯರು ಆರು ಏಳು ಮಕ್ಕಳನ್ನು ಹೆರುವ ಅಗತ್ಯ ಕಾಣುವುದಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಹೆತ್ತವೆಷ್ಟು, ಉಳಿದವೆಷ್ಟು ಎಂದು ಎರಡು ಲೆಕ್ಕ ಹೇಳುತ್ತಿದ್ದರು. ಇಂದಿನ ತಾಯಂದಿರಿಗೆ ಎರಡನೆಯ ಲೆಕ್ಕ ಬೇಕಾಗಿಲ್ಲ. ಇದು ಸಂತೋಷದ ಸಂಗತಿ ಎಂಬುದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಕಷ್ಟವನ್ನು ಚರ್ಚಿಸಬೇಕು.

ಎರಡನೆಯದು ಹೆಣ್ಣುಮಕ್ಕಳ ಶಿಕ್ಷಣ ಮತ್ತು ದುಡಿಮೆ. ಮೂರನೆಯದು 1952ರಲ್ಲಿ ಆರಂಭವಾದ ಕುಟುಂಬ ಯೋಜನಾ ಕಾರ್ಯಕ್ರಮ. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಘೋಷಣೆಯನ್ನು ಗೋಡೆಗಳ ಮೇಲೆ ಓದಿದ ತಲೆಮಾರು ಈಗ ಅಜ್ಜ ಅಜ್ಜಿಯರ ವಯಸ್ಸಿನಲ್ಲಿದೆ. ನಾಲ್ಕನೆಯದು ಮಗುವನ್ನು ಓದಿಸುವ ಖರ್ಚು. ಮಗುವು ಮಗ್ಗದ ಕೆಲಸಕ್ಕೆ, ದನ ಕಾಯುವುದಕ್ಕೆ ಒದಗುವ ಕೈಯಾಗಿದ್ದ ಕಾಲ ಹೋಗಿ, ಇಪ್ಪತ್ತು ವರ್ಷ ಓದಿಸಬೇಕಾದ ಜವಾಬ್ದಾರಿಯಾಗಿದೆ.

ಗಂಡು ಹೆಣ್ಣು ಮಕ್ಕಳ ಅನುಪಾತವನ್ನೂ ಇಲ್ಲಿ ಹೇಳಬೇಕು. 0-6 ವಯಸ್ಸಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ದೇಶದಲ್ಲಿ 1991ರಲ್ಲಿ 945, 2001ರಲ್ಲಿ 927, 2011ರಲ್ಲಿ 918. ಮಕ್ಕಳು ಕಡಿಮೆ ಇರಲಿ, ಆದರೆ ಅವರಲ್ಲಿ ಒಂದು ಗಂಡಾದರೂ ಇರಲಿ ಎಂಬ ಮನೋಭಾವ ಈ ಇಳಿಕೆಯ ಹಿಂದಿದೆ. ತಮಿಳುನಾಡಿನಲ್ಲಿ 2001ರಲ್ಲಿ 942, 2011ರಲ್ಲಿ 943. ಅಂದರೆ ಇಳಿಕೆ ನಿಂತಿತು. ಹೆಣ್ಣು ಶಿಶುಹತ್ಯೆಯನ್ನು ತಡೆಯಲು 1992ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭವಾದ ತೊಟ್ಟಿಲು ಮಗು ಯೋಜನೆಯನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಕೊಯಮತ್ತೂರು ಜಿಲ್ಲೆಯಲ್ಲಿ 2011ರ ಅನುಪಾತ 956, ರಾಜ್ಯದ ಸರಾಸರಿಗಿಂತ ಉತ್ತಮ.

ತಮಿಳುನಾಡು ಮತ್ತು ಕೊಂಗುನಾಡು

ದೇಶಕ್ಕಿಂತ ದಕ್ಷಿಣ ರಾಜ್ಯಗಳು ಈ ದಾರಿಯಲ್ಲಿ ಬಹಳ ಮುಂದೆ ಹೋಗಿವೆ. 2001 ಮತ್ತು 2011ರ ಗಣತಿಗಳ ನಡುವೆ 0-6 ವಯಸ್ಸಿನ ಮಕ್ಕಳು ಕರ್ನಾಟಕದಲ್ಲಿ 71.82 ಲಕ್ಷದಿಂದ 71.61 ಲಕ್ಷಕ್ಕೆ, ಕೇರಳದಲ್ಲಿ 37.93 ಲಕ್ಷದಿಂದ 34.73 ಲಕ್ಷಕ್ಕೆ ಇಳಿದರು. ತಮಿಳುನಾಡಿನಲ್ಲಿ ಸಂಖ್ಯೆ 72.35 ಲಕ್ಷದಿಂದ 74.24 ಲಕ್ಷಕ್ಕೆ ಸ್ವಲ್ಪ ಏರಿತಾದರೂ ಪಾಲು ನೂರಕ್ಕೆ 11.6ರಿಂದ 10.3ಕ್ಕೆ ಇಳಿಯಿತು. ಆ ಬಳಿಕದ ದಿಕ್ಕನ್ನು ಸಮೀಕ್ಷೆಗಳು ತೋರಿಸುತ್ತವೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡಿನ ಫಲವಂತಿಕೆ ದರ 1.8, ಕರ್ನಾಟಕದ್ದು 1.7. ಮಾದರಿ ನೋಂದಣಿ ವ್ಯವಸ್ಥೆಯ 2020ರ ಅಂದಾಜಿನಲ್ಲಿ ತಮಿಳುನಾಡಿನದು ಕೇವಲ 1.4. ಎರಡರ ವಿಧಾನ ಬೇರೆಯಾದುದರಿಂದ ಅಂಕಿ ಬೇರೆ; ಆದರೆ ಎರಡೂ 2.1ಕ್ಕಿಂತ ಕೆಳಗಿವೆ ಎಂಬುದರಲ್ಲಿ ಭೇದವಿಲ್ಲ.

ತಮಿಳುನಾಡಿನೊಳಗೆ ಜನನ ಪ್ರಮಾಣ ಬೇಗ ಇಳಿದ ಪ್ರದೇಶಗಳಲ್ಲಿ ಕೊಂಗುನಾಡು ಒಂದು. 2011ರಲ್ಲಿ ಕೊಯಮತ್ತೂರು ಜಿಲ್ಲೆಯ ಜನಸಂಖ್ಯೆ 34,58,045. ಅವರಲ್ಲಿ 0-6 ವಯಸ್ಸಿನ ಮಕ್ಕಳು 3,19,332. ನೂರಕ್ಕೆ 9.2 ಮಾತ್ರ. ದೇಶದ ಸರಾಸರಿ 13.6 ಇದ್ದಾಗ ನಮ್ಮ ಜಿಲ್ಲೆ 9.2ರಲ್ಲಿತ್ತು ಎಂಬುದನ್ನು ಗಮನಿಸಬೇಕು.

2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರಿನ ಜನಸಂಖ್ಯೆ 2011ರಲ್ಲಿ 24,79,052. ಅಲ್ಲಿಯ ಬನಿಯನ್ ಉದ್ಯಮ ದಕ್ಷಿಣ ತಮಿಳುನಾಡಿನ ಜಿಲ್ಲೆಗಳಿಂದಲೂ ಒಡಿಶಾ, ಬಿಹಾರ, ಜಾರ್ಖಂಡ್ ರಾಜ್ಯಗಳಿಂದಲೂ ದುಡಿಯುವವರನ್ನು ಸೆಳೆದಿದೆ. ಹಾಗೆ ಬಂದ ಕುಟುಂಬಗಳ ಮಕ್ಕಳು ಶಾಲೆಗಳಲ್ಲಿ ತುಂಬಿದಾಗ ಜಿಲ್ಲೆಯ ಒಟ್ಟು ಮಕ್ಕಳ ಸಂಖ್ಯೆ ಇಳಿಯದಂತೆ ಕಾಣಬಹುದು. ಆದರೆ ಹಳೆಯ ನಿವಾಸಿ ಕುಟುಂಬಗಳ ಮಕ್ಕಳು ಕಡಿಮೆಯಾಗುತ್ತಿರುವುದು ಆ ಮೊತ್ತದೊಳಗೆ ಮರೆಯಾಗುತ್ತದೆ. ಕನ್ನಡ ಮಕ್ಕಳ ಲೆಕ್ಕವನ್ನು ಜಿಲ್ಲೆಯ ಮೊತ್ತದಿಂದ ಊಹಿಸಬಾರದು ಎನ್ನುವುದು ಇದಕ್ಕಾಗಿಯೇ.

ಇಲ್ಲಿಯ ಕನ್ನಡ ಮನೆಗಳು

ಕೊಯಮತ್ತೂರು ಪ್ರದೇಶ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಅನಂತರ ಬ್ರಿಟಿಷರ ಮದರಾಸು ಪ್ರಾಂತ್ಯಕ್ಕೆ ಸೇರಿತು. ಕನ್ನಡ ಪ್ರಧಾನವಾದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಡಾ. ರಾಜಕುಮಾರ್ ಹುಟ್ಟಿದ ದೊಡ್ಡಗಾಜನೂರು ಇರುವ ತಾಳವಾಡಿ ಸೀಮೆಯೂ ಆಗ ಇದೇ ಜಿಲ್ಲೆಯಲ್ಲಿತ್ತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿ 1979ರಲ್ಲಿ ರಚನೆಯಾದ ಪೆರಿಯಾರ್ ಜಿಲ್ಲೆಗೆ, ಅಂದರೆ ಇಂದಿನ ಈರೋಡ್ ಜಿಲ್ಲೆಗೆ ಸೇರಿತು. ಹೀಗೆ ಕನ್ನಡಿಗರು ಒಟ್ಟಾಗಿ ವಾಸಿಸುವ ಎರಡು ಸೀಮೆಗಳು ಜಿಲ್ಲೆಯಿಂದ ಹೊರಗಾದವು. ಉಳಿದ ಕನ್ನಡಿಗರು ಚದುರಿದವರು.

ದೇವಾಂಗ ನೇಕಾರರು ಕೊಯಮತ್ತೂರು ನಗರ, ಮೆಟ್ಟುಪಾಳೆಯಂ, ಸಿರುಮುಗೈ, ತಿರುಪ್ಪೂರು ಮುಂತಾದ ಕಡೆಗಳಲ್ಲಿ ತಲೆತಲಾಂತರದಿಂದ ನೆಲೆಸಿದ್ದಾರೆ. ಒಕ್ಕಲಿಗ ಕೃಷಿಕ ಕುಟುಂಬಗಳು ಎರಡೂ ಜಿಲ್ಲೆಗಳ ಹಳ್ಳಿಗಳಲ್ಲಿವೆ. ಈ ಮನೆಗಳಲ್ಲಿ ಚೌಡೇಶ್ವರಿಯ ಪೂಜೆಯ ಮಾತು, ಬಂಧುಗಳನ್ನು ಕರೆಯುವ ಮಾತು, ಜಗಳದ ಮಾತು ಕನ್ನಡ. ಓದುಬರಹ ಮಾತ್ರ ತಮಿಳು ಅಥವಾ ಇಂಗ್ಲಿಷ್. ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳು ಇಂದು ಮುಖ್ಯವಾಗಿ ಉಳಿದಿರುವುದು ತಾಳವಾಡಿ, ಹೊಸೂರು ಮುಂತಾದ ಗಡಿ ತಾಲ್ಲೂಕುಗಳಲ್ಲಿ. ನಮ್ಮ ಮುಂದಿರುವ ಪ್ರಶ್ನೆ ಎರಡು ಬಗೆಯದು: ಅಲ್ಲಿ ಇರುವುದನ್ನು ಉಳಿಸಿಕೊಳ್ಳುವುದು, ಇಲ್ಲಿ ಕನ್ನಡವನ್ನು ಒಂದು ಭಾಷಾ ವಿಷಯವಾಗಿಯಾದರೂ ಕೇಳಿ ಪಡೆಯುವುದು.

ನಲವತ್ತು ಮತ್ತು ಹತ್ತು

ಇನ್ನು ಹಕ್ಕಿನ ವಿಷಯ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ಸಾಕಷ್ಟು ಸೌಲಭ್ಯ ಒದಗಿಸುವುದು ರಾಜ್ಯದ ಪ್ರಯತ್ನವಾಗಿರಬೇಕು ಎನ್ನುತ್ತದೆ. ಈ ವಿಧಿಯಲ್ಲಿ ಯಾವ ಸಂಖ್ಯೆಯೂ ಇಲ್ಲ. ಸಂಖ್ಯೆ ಬಂದದ್ದು 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನದ ನಿರ್ಣಯದಿಂದ: ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕು. ಪ್ರೌಢ ಹಂತಕ್ಕೆ 1961ರ ಮುಖ್ಯಮಂತ್ರಿಗಳ ಸಮ್ಮೇಳನ ಒಪ್ಪಿದ ಅಳತೆ, ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60 ಮತ್ತು ಪ್ರತಿ ತರಗತಿಯಲ್ಲಿ 15.

ಮಕ್ಕಳ ಪಾಲಿನ ಇಳಿಕೆ ಈ ಅಳತೆಯನ್ನು ಹೇಗೆ ತಟ್ಟುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. 600 ಕನ್ನಡಿಗರಿರುವ ಒಂದು ಹಳ್ಳಿ ಎಂದುಕೊಳ್ಳಿ. 2001ರ ಅಖಿಲ ಭಾರತ ಪಾಲಿನಂತೆ ನೂರಕ್ಕೆ 15.9ರ ಲೆಕ್ಕದಲ್ಲಿ ಅಲ್ಲಿ 0-6 ವಯಸ್ಸಿನ ಮಕ್ಕಳು ಸುಮಾರು 95. ಇದು ಏಳು ವಯಸ್ಸುಗಳ ಮೊತ್ತ; ಒಂದೊಂದು ವಯಸ್ಸಿಗೆ 13 ಅಥವಾ 14 ಮಕ್ಕಳು. ಪ್ರತಿ ವರ್ಷ ಒಂದನೆಯ ತರಗತಿಗೆ 10 ಮಕ್ಕಳು ನಿರಾಯಾಸವಾಗಿ ದೊರೆಯುತ್ತಾರೆ. ಅದೇ ಹಳ್ಳಿ, ಅಷ್ಟೇ ಜನ. ಆದರೆ 2011ರ ಕೊಯಮತ್ತೂರಿನ 9.2ರ ಲೆಕ್ಕ ಹಾಕಿದರೆ ಮಕ್ಕಳು ಸುಮಾರು 55, ವಯಸ್ಸಿಗೆ 8. ತರಗತಿಗೆ 10 ಎಂಬ ಅಳತೆ ತಪ್ಪಿತು. ಐದು ತರಗತಿಗೆ 40 ಎಂಬ ಅಳತೆ ಮಾತ್ರ, ಎಲ್ಲ ಮಕ್ಕಳೂ ಅದೇ ಶಾಲೆಗೆ ಬಂದರೆ, ಅಂಚಿನಲ್ಲಿ ಉಳಿಯಿತು. ಈಗ ನಾಲ್ಕರಲ್ಲಿ ಒಂದು ಮನೆಯವರು ಖಾಸಗಿ ಆಂಗ್ಲ ಶಾಲೆಯ ವಾಹನವನ್ನು ಬಾಗಿಲಿಗೆ ಕರೆಸಿಕೊಂಡರೆ ಉಳಿಯುವುದು 30 ಮಕ್ಕಳು. ಎರಡು ಅಳತೆಯೂ ತಪ್ಪಿದವು.

ಈ ಹಳ್ಳಿಯಲ್ಲಿ ಯಾರೂ ಊರು ಬಿಡಲಿಲ್ಲ, ಯಾರೂ ಭಾಷೆ ಬಿಡಲಿಲ್ಲ. ಮುಕ್ಕಾಲು ಪಾಲು ಪೋಷಕರು ಶಾಲೆಯನ್ನೂ ಬಿಡಲಿಲ್ಲ. ಆದರೂ ಶಿಕ್ಷಕರ ಹಕ್ಕು ಹೋಯಿತು. ಆಂಗ್ಲ ಮಾಧ್ಯಮಕ್ಕೆ ಹೋದ ಹತ್ತು ಮಕ್ಕಳ ತಂದೆತಾಯಿಯರನ್ನು ಮಾತ್ರ ದೂರುವುದು ನ್ಯಾಯವಲ್ಲ ಎಂದು ಹೇಳಿದ್ದು ಇದರಿಂದ. ಹಿಂದೆ ಆ ಹತ್ತು ಮಕ್ಕಳು ಹೋದರೂ ಶಾಲೆ ತಾಳಿಕೊಳ್ಳುತ್ತಿತ್ತು. ಈಗ ತಾಳಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಾಗೆಯೇ, ಹೋಗುವ ಪ್ರತಿಯೊಂದು ಮಗುವಿನ ಭಾರ ಇಂದು ಹಿಂದಿಗಿಂತ ಹೆಚ್ಚು ಎಂಬುದನ್ನು ಪೋಷಕರೂ ತಿಳಿಯಬೇಕು.

40 ಮತ್ತು 10 ಎಂಬ ಅಳತೆ ನಿಗದಿಯಾದದ್ದು ಒಂದು ಮನೆಯಲ್ಲಿ ಸರಾಸರಿ ಆರು ಮಕ್ಕಳು ಹುಟ್ಟುತ್ತಿದ್ದ ಕಾಲದಲ್ಲಿ. ಇಂದು ಎರಡೂ ಹುಟ್ಟುತ್ತಿಲ್ಲ. ಹುಟ್ಟುವ ಮಕ್ಕಳು ಮೂರನೆಯ ಒಂದು ಭಾಗಕ್ಕೆ ಇಳಿದಿರುವಾಗ ಅಳತೆ ಹಾಗೆಯೇ ಇರುವುದು ಸರಿಯೇ ಎಂಬ ಪ್ರಶ್ನೆಯನ್ನು ಭಾಷಾ ಅಲ್ಪಸಂಖ್ಯಾತ ಸಂಘಟನೆಗಳು ಎತ್ತಬೇಕಾಗಿದೆ. 350ಬಿ ವಿಧಿಯನ್ವಯ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಮುಂದೆ ಇಡಬಹುದಾದ ನ್ಯಾಯಯುತ ಬೇಡಿಕೆ ಇದು.

ಶಾಲೆಗಳ ವಿಲೀನದ ಮಾತು

ಕೇಂದ್ರ ಸರ್ಕಾರದ 2018-19ರ ಆರ್ಥಿಕ ಸಮೀಕ್ಷೆ ಈ ಇಳಿಕೆಯನ್ನೇ ವಿವರಿಸಿ, ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳು ಕಡಿಮೆಯಾಗುತ್ತಿರುವುದರಿಂದ ಹೊಸ ಶಾಲೆ ಕಟ್ಟುವ ಬದಲು ಇರುವ ಶಾಲೆಗಳನ್ನು ಒಗ್ಗೂಡಿಸುವುದನ್ನು ರಾಜ್ಯಗಳು ಯೋಚಿಸಬೇಕೆಂದು ಹೇಳಿತು. ಒಂದೇ ಭಾಷೆಯ ಎರಡು ಶಾಲೆಗಳು ಸೇರಿದರೆ ಮಗು ಸ್ವಲ್ಪ ದೂರ ನಡೆಯಬೇಕಾಗುತ್ತದೆ, ಅಷ್ಟೆ. ಆದರೆ ಕನ್ನಡ ಶಾಲೆಯನ್ನು ಪಕ್ಕದ ತಮಿಳು ಶಾಲೆಯೊಂದಿಗೆ ಸೇರಿಸಿದರೆ ಮಗು ಭಾಷೆಯನ್ನೇ ಬದಲಿಸಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರನ್ನು ನಿಗದಿಪಡಿಸಿದೆ. ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕೆಂದು ಅದರ 29ನೆಯ ಪ್ರಕರಣ ಹೇಳುತ್ತದೆ. ವಿಲೀನದ ಪ್ರಸ್ತಾಪ ಬಂದಾಗ ಪೋಷಕರು ಈ ಎರಡು ಅಂಶಗಳನ್ನು ಲಿಖಿತವಾಗಿ ಮುಂದಿಡಬೇಕು.

ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಒಂದನೆಯ ತರಗತಿಯಿಂದ ಆರಂಭಿಸಿ ಹಂತ ಹಂತವಾಗಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯಗೊಳಿಸಿತು. ಹತ್ತನೆಯ ತರಗತಿ ಪರೀಕ್ಷೆಯ ತಮಿಳು ಪತ್ರಿಕೆಯಿಂದ ಭಾಷಾ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳಿಗೆ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ವರ್ಷದ ವಿನಾಯಿತಿ ನೀಡಿತು. ನಾವು ಬದುಕುವ ನಾಡಿನ ಭಾಷೆಯಾದ ತಮಿಳನ್ನು ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಅದರ ಬಗ್ಗೆ ತಕರಾರಿಲ್ಲ. ಮಾತೃಭಾಷೆಗೂ ಸ್ಥಾನ ಇರಲಿ ಎಂಬುದಷ್ಟೇ ಬೇಡಿಕೆ.

ಎಣಿಕೆಯಲ್ಲಿ ಕಾಣುವುದು

ಹುಟ್ಟುವ ಮಕ್ಕಳ ಸಂಖ್ಯೆಯನ್ನು ಯಾವ ಸಂಘಟನೆಯೂ ನಿರ್ಧರಿಸಲಾಗದು, ನಿರ್ಧರಿಸಲೂಬಾರದು. ಆದರೆ ಇರುವ ಮಕ್ಕಳು ಲೆಕ್ಕಕ್ಕೆ ಸಿಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ತಮಿಳುನಾಡಿನಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ದಾಖಲಿಸಿದವರು 2001ರಲ್ಲಿ ಸುಮಾರು 10.45 ಲಕ್ಷ, 2011ರಲ್ಲಿ 12.86 ಲಕ್ಷ. ಜನಗಣತಿ ಬಡಗ ಮಾತನ್ನೂ ಕನ್ನಡದ ಅಡಿಯಲ್ಲೇ ಸೇರಿಸುವುದರಿಂದ ನೀಲಗಿರಿಯ ಬಡಗರೂ ಈ ಮೊತ್ತದಲ್ಲಿದ್ದಾರೆ. ಆ ದಶಕದಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ 15.6ರಷ್ಟು ಬೆಳೆದರೆ ಕನ್ನಡಿಗರ ಸಂಖ್ಯೆ ನೂರಕ್ಕೆ 23ರಷ್ಟು ಬೆಳೆಯಿತು. ಜನನಗಳು ಇಳಿಯುತ್ತಿದ್ದ ಕಾಲದಲ್ಲಿ ಇಷ್ಟು ಏರಿಕೆ ಕೇವಲ ಜನನದಿಂದ ಬರಲಾರದು. ಗಣತಿದಾರರಿಗೆ ನಾವು ಏನು ಹೇಳುತ್ತೇವೆ, ಅವರು ಏನು ಬರೆದುಕೊಳ್ಳುತ್ತಾರೆ ಎಂಬುದರ ಮೇಲೆ ಸಂಖ್ಯೆ ಏರಿಳಿಯುತ್ತದೆ.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಗಿ, ಹೊಸ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1 ಎಂದು ನಿಗದಿಯಾಗಿದೆ. ಜನಗಣತಿಯ ಸೂಚನೆಯಂತೆ ಮಾತೃಭಾಷೆ ಎಂದರೆ ವ್ಯಕ್ತಿಯ ಬಾಲ್ಯದಲ್ಲಿ ತಾಯಿ ಅವರೊಡನೆ ಆಡಿದ ಭಾಷೆ. ಓದಿದ ಭಾಷೆಯಲ್ಲ, ಬರೆಯಬಲ್ಲ ಭಾಷೆಯೂ ಅಲ್ಲ. ಕನ್ನಡ ಅಕ್ಷರ ಬಾರದವರೂ ಮನೆಯಲ್ಲಿ ಕನ್ನಡವಾಡುತ್ತಿದ್ದರೆ ಅವರ ಮಾತೃಭಾಷೆ ಕನ್ನಡವೇ. ತಮಿಳು, ಇಂಗ್ಲಿಷ್ ಮುಂತಾದವನ್ನು ತಿಳಿದಿರುವ ಇತರ ಭಾಷೆಗಳೆಂದು ಬೇರೆ ಕಲಂನಲ್ಲಿ ಹೇಳಲು ಅವಕಾಶವಿರುತ್ತದೆ. ಜಾತಿಯ ಹೆಸರನ್ನು ಭಾಷೆಯ ಹೆಸರಾಗಿ ಹೇಳಿದರೆ ಲೆಕ್ಕ ಚದುರುತ್ತದೆ ಎಂಬುದನ್ನು ಹಿರಿಯರಿಗೆ ತಿಳಿಸಿ ಹೇಳಬೇಕು.

ಪೋಷಕರು ಮಾಡಬಹುದಾದುದು

1. ಶಾಲಾ ದಾಖಲಾತಿ ಅರ್ಜಿಯ ಮಾತೃಭಾಷೆಯ ಕಲಂನಲ್ಲಿ ಕನ್ನಡ ಎಂದೇ ಬರೆಯಿರಿ. ಮಗು ತಮಿಳು ಅಥವಾ ಆಂಗ್ಲ ಮಾಧ್ಯಮದಲ್ಲಿ ಓದಿದರೂ ಇದನ್ನು ಬಿಡಬಾರದು. ತರಗತಿಗೆ 10 ಎಂಬ ಲೆಕ್ಕ ಇಲ್ಲಿಂದಲೇ ಆರಂಭವಾಗುತ್ತದೆ.

2. ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿತವಾದ ರಕ್ಷಣೆಗಳಲ್ಲಿ ಮುಂಗಡ ನೋಂದಣಿ ಒಂದು. ಶಾಲಾ ವರ್ಷ ಆರಂಭವಾಗುವ ಮೊದಲೇ ಮಾತೃಭಾಷಾ ಬೋಧನೆ ಬೇಕೆಂಬ ಅರ್ಜಿಗಳನ್ನು ಪಡೆದು ದಾಖಲೆಯಲ್ಲಿ ಬರೆಯಬೇಕು. ಜೂನ್‌ವರೆಗೆ ಕಾಯದೆ ಬೇಸಿಗೆ ರಜೆಗೆ ಮೊದಲೇ ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

3. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಗಳ ಮಕ್ಕಳನ್ನು ಒಂದೆಡೆ ಸೇರಿಸುವ ಶಾಲೆಗಳ ನಡುವಿನ ಹೊಂದಾಣಿಕೆಯೂ ಅದೇ ರಕ್ಷಣೆಗಳಲ್ಲಿದೆ. ಅಕ್ಕಪಕ್ಕದ ಎರಡು ಮೂರು ಹಳ್ಳಿಗಳ ಪೋಷಕರು ಜಂಟಿಯಾಗಿ ಕೇಳಬಹುದು.

4. ಪ್ರತಿ ಊರಿನಲ್ಲಿ 0-6 ವಯಸ್ಸಿನ ಕನ್ನಡ ಮಕ್ಕಳ ಪಟ್ಟಿಯನ್ನು ನಾವೇ ತಯಾರಿಸಿಕೊಳ್ಳಬೇಕು. ಅಂಗನವಾಡಿಗೆ ಹೋಗುವವರು, ಹೋಗದವರು, ಹುಟ್ಟಿದ ವರ್ಷ, ಇಷ್ಟು ಸಾಕು. ಐದು ವರ್ಷಗಳ ಮುಂದಿನ ತರಗತಿಯ ಚಿತ್ರ ಆ ಒಂದು ಹಾಳೆಯಲ್ಲಿ ದೊರೆಯುತ್ತದೆ.

5. ಕನ್ನಡ ತರಗತಿ ದೊರೆಯದ ಕಡೆ ಮನೆಯಲ್ಲಿ ಅಕ್ಷರ ಕಲಿಸುವುದನ್ನು ಮುಂದೂಡಬಾರದು. ಮಾತು ಬರುವ ಮಗುವಿಗೆ ಲಿಪಿ ಕಲಿಸುವುದು ಮಾತೇ ಬಾರದ ಮಗುವಿಗೆ ಭಾಷೆ ಕಲಿಸುವುದಕ್ಕಿಂತ ಬಹಳ ಸುಲಭ.

ಮಕ್ಕಳು ಕಡಿಮೆಯಾಗಿರುವುದು ಬದುಕು ಸುಧಾರಿಸಿರುವುದರ ಗುರುತೂ ಹೌದು. ಹೆಚ್ಚು ಮಕ್ಕಳಿದ್ದ ಕಾಲಕ್ಕೆ ಹಿಂತಿರುಗಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಎಂಟು ಮಕ್ಕಳಿರುವ ತರಗತಿಯಲ್ಲಿ ಎಂಟು ಮಕ್ಕಳೂ ಎಣಿಕೆಗೆ ಸಿಗಬೇಕು. ಅವರಲ್ಲಿ ಇಬ್ಬರ ಅರ್ಜಿಯಲ್ಲಿ ಮಾತೃಭಾಷೆಯ ಕಲಂ ಖಾಲಿ ಉಳಿದರೆ ಸರ್ಕಾರದ ಕಡತದಲ್ಲಿ ಆರೇ ಮಕ್ಕಳಿರುತ್ತಾರೆ. ಮುಂದಿನ ದಾಖಲಾತಿಯ ದಿನ ಆ ಕಲಂ ತುಂಬಿದೆಯೇ ಎಂದು ಪೋಷಕರು ಒಮ್ಮೆ ನೋಡಿಕೊಂಡೇ ಸಹಿ ಹಾಕಬೇಕೆಂದು ವಿನಂತಿ.